ಉತ್ತರ ಹೇಳುವ ಯಂತ್ರ, ಕಲಿಯುವ ಮಗು

ವಾಡಿ ಜಂಕ್ಷನ್ನಿನಲ್ಲಿ ಹೊಸಬರೊಬ್ಬರು ಇಳಿದು ನಿಂತಿದ್ದಾರೆ ಎಂದು ಭಾವಿಸಿರಿ. ಕಲಬುರಗಿ, ಶಹಾಬಾದುಗಳ ಕಡೆಯಿಂದ ಬಂದ ರೈಲುದಾರಿ ಇಲ್ಲಿ ಎರಡಾಗುತ್ತದೆ. ಒಂದು ಯಾದಗಿರಿ, ರಾಯಚೂರುಗಳ ಕಡೆಗೆ. ಇನ್ನೊಂದು ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿನ ಕಡೆಗೆ. ‘ಸೇಡಂಗೆ ಹೋಗುವ ಗಾಡಿ ಯಾವುದರೀ?’ ಎಂದು ಅವರು ಕೇಳುತ್ತಾರೆ. ತಿಳಿಯದವನು ‘ನನಗೆ ಗೊತ್ತಿಲ್ಲರೀ’ ಎಂದರೆ ಕೆಡುಕೇನೂ ಇಲ್ಲ; ಬೇರೆಯವರನ್ನು ಕೇಳಬಹುದು. ಆದರೆ ತಿಳಿಯದೆಯೂ ಬಲು ನಯವಾಗಿ, ಬಲು ಧೈರ್ಯದಿಂದ ‘ಇದೇ ಗಾಡಿ, ಹತ್ತಿರಿ’ ಎನ್ನುವವನು ಸಿಕ್ಕರೆ ನಮ್ಮ ಪ್ರಯಾಣಿಕರು ರಾಯಚೂರಿನಲ್ಲಿ ಇಳಿಯಬೇಕಾಗುತ್ತದೆ.

ಇಂಥ ನಯವಾದ ಮಾತುಗಾರನೊಬ್ಬ ಈಗ ನಮ್ಮ ಮನೆಗಳಿಗೂ ಬಂದಿದ್ದಾನೆ. ಅವನಿಗೆ ಕೃತಕ ಬುದ್ಧಿಮತ್ತೆ ಎಂದು ಹೆಸರು. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಜನರ ಬಳಕೆಗೆ ಬಂದಿತು. ಆ ಬಳಿಕ ಅದೇ ಬಗೆಯ ಹಲವು ಯಂತ್ರಗಳು ಅಂಗೈಯ ಮೊಬೈಲಿನಲ್ಲೇ ದೊರೆಯುವಂತಾದವು. ಲೆಕ್ಕ ಕೇಳಿ, ಪ್ರಬಂಧ ಕೇಳಿ, ಇಂಗ್ಲಿಷ್ ಪಾಠದ ಸಾರಾಂಶ ಕೇಳಿ, ಕ್ಷಣದಲ್ಲಿ ಉತ್ತರ ಸಿದ್ಧ. ಇದು ಕೆಲಸಮಾಡುವ ರೀತಿಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಅಪಾರವಾದ ಬರಹದ ರಾಶಿಯಿಂದ, ಯಾವ ಮಾತಿನ ಬೆನ್ನಿಗೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತು, ಅದರಂತೆ ವಾಕ್ಯಗಳನ್ನು ಹೆಣೆಯುತ್ತದೆ. ಆದುದರಿಂದ ಅದರ ಮಾತು ಸರಾಗ; ಬಹಳ ಸಲ ನಿಜವೂ ಹೌದು. ಆದರೆ ಸರಾಗವಾದ ಮಾತೆಲ್ಲ ನಿಜವೇ ಆಗಬೇಕೆಂದಿಲ್ಲ. ತಪ್ಪನ್ನು ಹೇಳುವಾಗಲೂ ಅದರ ದನಿ ನಡುಗುವುದಿಲ್ಲ.

ಹಾಗಾದರೆ ಇದನ್ನು ಹೊಸ್ತಿಲ ಹೊರಗೇ ನಿಲ್ಲಿಸೋಣವೇ? ನಮ್ಮ ಭಾಗದವರು ಹಾಗೆ ಹೇಳುವುದು ಸುಲಭವಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇಕಡ 42.43, ಅದು ರಾಜ್ಯದಲ್ಲಿ ಕೊನೆಯ ಸ್ಥಾನ. ಈ ಅಂಕಿಯ ಹಿಂದೆ ಇರುವವರು ಚಿಂಚೋಳಿಯ ತಾಂಡಾದಿಂದ ಬರುವ ಹುಡುಗಿ, ಶಹಾಬಾದಿನ ಫರ್ಸಿ ಗಣಿಯಲ್ಲಿ ದುಡಿಯುವವರ ಮಗ, ಮನೆಯಲ್ಲಿ ಪಾಠ ಹೇಳಿಕೊಡಲು ಯಾರೂ ಇಲ್ಲದ ಮಕ್ಕಳು. ಟ್ಯೂಷನ್ನಿಗೆ ಹಣವಿಲ್ಲದ ಮನೆಯಲ್ಲಿ, ರಾತ್ರಿ ಎಂಟು ಗಂಟೆಗೆ, ಬೇಸರವಿಲ್ಲದೆ ಹತ್ತು ಸಲ ವಿವರಿಸಬಲ್ಲ ಸಹಾಯಕ ಸಿಗುವುದಾದರೆ ಅದನ್ನು ಬೇಡವೆನ್ನುವುದು ಹೇಗೆ?

ಯಂತ್ರವೊಂದು ಪಾಠ ಹೇಳಲು ಬಂದುದು ನಮ್ಮಲ್ಲಿ ಇದೇ ಮೊದಲಲ್ಲ. ರೇಡಿಯೋ ಪಾಠಗಳನ್ನು ನೀವೇ ಕೇಳಿದ್ದೀರಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಪಾಠ ಕಳಿಸುವ ‘ಸೈಟ್’ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದುದು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಗಿನಲ್ಲಿ ಶಾಲೆಯ ಮಕ್ಕಳಿಗೆ, ಸಂಜೆ ಊರಿನ ಹಿರಿಯರಿಗೆ ಕಾರ್ಯಕ್ರಮಗಳು. ಪಟ್ಟಣದವರ ಮನೆಗೂ ಬಾರದಿದ್ದ ಟೆಲಿವಿಷನ್ನು ಹಳ್ಳಿಯ ಶಾಲೆಗೆ ಮೊದಲು ಬಂದಿತು! ಆದರೆ ರೇಡಿಯೋಗೂ ಟೆಲಿವಿಷನ್ನಿಗೂ ಒಂದು ಕೊರತೆ ಇತ್ತು. ಅವು ಹೇಳಬಲ್ಲವು, ಕೇಳಿಸಿಕೊಳ್ಳಲಾರವು. ಹಿಂದಿನ ಸಾಲಿನ ಹುಡುಗನಿಗೆ ಅರ್ಥವಾಯಿತೇ ಎಂದು ತಿಳಿಯುವುದು ತರಗತಿಯಲ್ಲಿದ್ದ ಮಾಸ್ತರರಿಗೆ ಮಾತ್ರ ಸಾಧ್ಯವಿತ್ತು. ಹೊಸ ಯಂತ್ರ ಕೇಳಿಸಿಕೊಳ್ಳುತ್ತದೆ, ಮರುಮಾತು ಕೊಡುತ್ತದೆ. ಅದರ ಹೆಚ್ಚುಗಾರಿಕೆ ಅಲ್ಲಿಯೇ ಇದೆ. ಅಪಾಯವೂ ಅಲ್ಲಿಯೇ ಇದೆ.

ಈ ಅಪಾಯವನ್ನು ಅಳೆದು ನೋಡಿದವರುಂಟು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು ತುರ್ಕಿಯಲ್ಲಿ ಸುಮಾರು ಒಂದು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಗಣಿತದ ತರಗತಿಗಳಲ್ಲಿ ಪರೀಕ್ಷಿಸಿ, 2024ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಕೇಳಿದ ಉತ್ತರ ಕೊಡುವ ಯಂತ್ರ; ಇನ್ನೊಂದು ಗುಂಪಿಗೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಯಂತ್ರ; ಮೂರನೆಯ ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಅಭ್ಯಾಸದ ವೇಳೆ ಮೊದಲ ಗುಂಪು ಪುಸ್ತಕದ ಗುಂಪಿಗಿಂತ ಶೇಕಡ 48ರಷ್ಟು ಮುಂದಿತ್ತು. ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಕೊಟ್ಟಾಗ ಅದೇ ಗುಂಪು ಶೇಕಡ 17ರಷ್ಟು ಹಿಂದೆ ಬಿದ್ದಿತು. ಸುಳಿವಿನ ಗುಂಪಿಗೆ ಅಂಥ ನಷ್ಟವಾಗಲಿಲ್ಲ. ಆದರೆ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭವೂ ಕಾಣಲಿಲ್ಲ. ಇನ್ನೊಬ್ಬರು ಉಂಡರೆ ನಮ್ಮ ಹೊಟ್ಟೆ ತುಂಬೀತೇ? ಯಂತ್ರ ಬಿಡಿಸಿದ ಲೆಕ್ಕದಿಂದ ಮಗುವಿನ ಬುದ್ಧಿ ಬೆಳೆಯುವುದೂ ಅಷ್ಟರಲ್ಲೇ ಇದೆ.

ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಅದರಲ್ಲಿ ನಿಯಮಗಳ ಜೊತೆಗೆ ಲೆಕ್ಕಗಳ ಸಾಲು ಸಾಲೇ ಇವೆ. ನಿಯಮವನ್ನು ತಿಳಿಸಿ, ಲೆಕ್ಕವನ್ನು ಮುಂದಿಟ್ಟು, ಬಿಡಿಸುವ ಕೆಲಸವನ್ನು ಓದುವವನಿಗೇ ಬಿಡುವುದು ಆ ಕ್ರಮ. ಸಾವಿರ ವರ್ಷಕ್ಕೂ ಹಿಂದಿನ ಈ ಕ್ರಮವನ್ನೇ ನಾವು ಹೊಸ ಯಂತ್ರದಿಂದಲೂ ಬಯಸಬೇಕು.

ಇನ್ನು ಭಾಷೆಯ ಮಾತು. ಅದೇ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ಕನ್ನಡಕ್ಕೆ ಹಲವು ರೂಪಗಳುಂಟೆಂದು ಆಗಲೇ ಗುರುತಿಸಿತ್ತು. ಈ ಯಂತ್ರಗಳು ಹೆಚ್ಚಾಗಿ ಓದಿರುವುದು ಇಂಗ್ಲಿಷನ್ನು. ಕನ್ನಡ ಕಡಮೆ, ನಮ್ಮ ಕಡೆಯ ಮಾತಂತೂ ಇನ್ನೂ ಕಡಮೆ. ‘ತೊಗರಿ ರಾಶಿ ಆಯಿತೇ?’ ಎಂದರೆ ಒಕ್ಕಣೆ ಮುಗಿಯಿತೇ ಎಂದು ನಮಗೆ ಅರ್ಥ; ಯಂತ್ರ ಅದನ್ನು ಬರೀ ಗುಡ್ಡೆ ಎಂದು ತಿಳಿದೀತು. ಈ ಕೊರತೆಯನ್ನು ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ನೆರವಿನೊಡನೆ ‘ವಾಣಿ’ ಎಂಬ ಯೋಜನೆಯನ್ನು ನಡೆಸುತ್ತ ಬಂದಿದೆ. ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರಗಳನ್ನು ತೋರಿಸಿ, ಕಂಡುದನ್ನು ಅವರವರ ಮಾತಿನಲ್ಲೇ ಹೇಳಿಸಿ, ಧ್ವನಿಮುದ್ರಿಸಿ ಎಲ್ಲರ ಬಳಕೆಗೆ ತೆರೆದಿಡುವ ಕೆಲಸವಿದು. ಆ ಜಿಲ್ಲೆಗಳ ಪಟ್ಟಿಯಲ್ಲಿ ಗುಲ್ಬರ್ಗವೂ ಇದೆ. ನಮ್ಮ ಮಾತನ್ನು ಯಂತ್ರ ಕಲಿಯಬೇಕಾದರೆ ನಾವು ಮೊದಲು ಅದನ್ನು ನಾಚಿಕೆಯಿಲ್ಲದೆ ಆಡಬೇಕು.

ಹಾಗಾದರೆ ಶಿಕ್ಷಕರ ಸ್ಥಾನವೇನು? ಕರ್ನಾಟಕದಲ್ಲೇ 2023ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಕೂಡಿ ‘ಶಿಕ್ಷಾ ಕೋಪೈಲಟ್’ ಎಂಬುದನ್ನು ಸರಕಾರಿ ಶಾಲೆಗಳ ಶಿಕ್ಷಕರೊಡನೆ ಪ್ರಯೋಗಿಸಿದವು. ಅದು ಪಾಠಯೋಜನೆಯ ಕರಡನ್ನು ಸಿದ್ಧಪಡಿಸುತ್ತದೆ. ಶಿಕ್ಷಕರು ಅದನ್ನು ತಿದ್ದಿ ತಮ್ಮ ತರಗತಿಗೆ ಹೊಂದಿಸಿಕೊಳ್ಳುತ್ತಾರೆ. ಯಂತ್ರ ಮುಂದಿಟ್ಟುದನ್ನು ಬಲ್ಲವರು ಒರೆಗೆ ಹಚ್ಚುವ ಈ ಕ್ರಮ ಸರಿಯಾದುದು. ಕಸುಬಿನ ತರಬೇತಿಗೂ ಇದೇ ಮಾತು. ವಾಡಿಯ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಸಿದ್ಧನಾಗುವ ಐ.ಟಿ.ಐ. ಹುಡುಗ ಯಂತ್ರಭಾಗಗಳ ಹೆಸರನ್ನೂ ಉಪಯೋಗವನ್ನೂ ಮೊಬೈಲಿನಿಂದ ತಿಳಿದುಕೊಳ್ಳಲಿ. ಆದರೆ ಬೇರಿಂಗು ಬಿಸಿಯಾದುದನ್ನು ಗುರುತಿಸುವುದು, ಕೈಹಾಕುವ ಮುನ್ನ ವಿದ್ಯುತ್ತು ನಿಂತಿದೆಯೇ ಎಂದು ನೋಡುವುದು, ಇವನ್ನು ಉಸ್ತಾದರ ಬಳಿಯೇ ನಿಂತು ಕಲಿಯಬೇಕು. ಅಲ್ಲಿ ಒಂದು ತಪ್ಪು ಉತ್ತರದ ಬೆಲೆ ಒಂದು ಕೈ ಆಗಬಹುದು.

ಮನೆಯಲ್ಲಿ ನೀವು ಮಾಡಬಹುದಾದುದು ಇಷ್ಟೇ. ಮಗು ಮೊದಲು ತನ್ನ ಉತ್ತರವನ್ನು ಕಾಗದದ ಮೇಲೆ ಬರೆಯಲಿ, ಅದು ತಪ್ಪಾಗಿದ್ದರೂ ಚಿಂತೆಯಿಲ್ಲ. ಬಳಿಕ ಯಂತ್ರವನ್ನು ‘ಉತ್ತರ ಹೇಳು’ ಎಂದು ಕೇಳದೆ, ‘ನಾನು ಎಲ್ಲಿ ತಪ್ಪಿದೆ? ಒಂದು ಸುಳಿವು ಕೊಡು’ ಎಂದು ಕೇಳಲಿ. ಅದು ಹೇಳಿದುದನ್ನು ಪಠ್ಯಪುಸ್ತಕದೊಡನೆ ಹೋಲಿಸಲಿ. ಸಂದೇಹ ಉಳಿದರೆ ಮರುದಿನ ಗುರುಗಳನ್ನು ಕೇಳಲಿ. ಕೊನೆಗೆ ಮೊಬೈಲನ್ನು ಬದಿಗಿಡಿಸಿ, ‘ಈಗ ನನಗೆ ತಿಳಿಸಿ ಹೇಳು, ಕಂದ’ ಎನ್ನಿರಿ. ನಿಮಗೆ ಓದು ಬಾರದಿದ್ದರೂ ಈ ಪರೀಕ್ಷೆ ನಡೆಸಬಹುದು. ಮಗು ತನ್ನ ಮಾತಿನಲ್ಲಿ ಹೇಳಿದರೆ ಕಲಿತಿದೆ. ತಡವರಿಸಿದರೆ ಕಲಿತದ್ದು ಯಂತ್ರವೇ ಹೊರತು ಮಗುವಲ್ಲ.

ವಾಡಿಯಲ್ಲಿ ಇಳಿದ ಪ್ರಯಾಣಿಕರು ದಾರಿ ಕೇಳುವುದು ತಪ್ಪಲ್ಲ. ಕೇಳಿದ ಮೇಲೆ ಗಾಡಿಯ ಮೇಲಿನ ಫಲಕವನ್ನು ತಾವೇ ಓದಿ ಹತ್ತಬೇಕು. ಆ ಫಲಕವನ್ನು ಓದುವ ಶಕ್ತಿಯನ್ನು ನಮ್ಮ ಮಕ್ಕಳಿಗೆ ಕೊಡುವ ಹೊಣೆ ಮಾತ್ರ ಇಂದಿಗೂ ಮನೆಯದು, ಶಾಲೆಯದು.