ಹುಳಿಯಂಬಲಿಯ ಆತಿಥ್ಯ

ಕುಂದಗೋಳದ ಹೆಸರನ್ನು ಕೇಳಿದೊಡನೆ ಸಂಗೀತರಸಿಕರಾದ ತಮಗೆ ಸವಾಯಿ ಗಂಧರ್ವರ (1886–1952) ನೆನಪು ಬಂದೀತು. ಗಾನವನ್ನು ಕೇಳಲೆಂದು ಅಲ್ಲಿಗೆ ಪ್ರಯಾಣ ಮಾಡುವವರುಂಟು. ಅದೇ ತಾಲ್ಲೂಕಿನ ಯರಗುಪ್ಪಿಗೆ ನಾನು ಅಂಬಲಿ ಕುಡಿಯಲೆಂದು ಹೋಗಿದ್ದೆನೆಂದರೆ ತಾವು ನಕ್ಕೀರಿ. ಆದರೂ ಆ ಮಾತನ್ನೇ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಅದು ಎರೆಯ ನೆಲ. ಹಿಂಗಾರಿಯ ಬಿಳಿಜೋಳ ಆ ಸೀಮೆಯ ಬಹುಕಾಲದ ಆಹಾರ. ರೊಟ್ಟಿ, ನುಚ್ಚು, ಅಂಬಲಿ ಮೂರಕ್ಕೂ ಅದೇ ಮೂಲ. ಪರಿಚಿತರೊಬ್ಬರ ಮನೆಯ ಅಜ್ಜಿಯನ್ನು ಕಂಡು, ಸಂಜೆಯ ಬಸ್ಸಿಗೆ ಮೊದಲು ಅಂಬಲಿಯ ರುಚಿ ತೋರಿಸಬಹುದೆ ಎಂದು ಕೇಳಿದೆನು. ಆಕೆ ನಕ್ಕು, “ಹುಳಿ ಬರಬೇಕಂದ್ರ ಒಂದ ರಾತ್ರಿ ಬೇಕಪಾ ತಮ್ಮಾ. ಅವಸರ ಮಾಡಿದ್ರ ಹಿಟ್ಟಿನ ನೀರ ಕುಡದ ಹೋಗ್ತಿ” ಎಂದಳು. ಆ ರಾತ್ರಿ ಅಲ್ಲಿಯೇ ತಂಗಿದೆನು.

ಅಜ್ಜಿಯು ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ಹಿಂದಿನ ದಿನದ ಹುಳಿನೀರನ್ನು ತುಸು ಬೆರೆಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಮಗ್ಗುಲಲ್ಲಿಟ್ಟಳು. ಬೆಳಿಗ್ಗೆ ವಾಸನೆಯಿಂದಲೇ ಹದವನ್ನು ಅರಿತು, ಕುದಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿಗಳನ್ನು ಸೇರಿಸಿ ಕೊಟ್ಟಳು. ಹುಳಿ ಹಿತವಾಗಿತ್ತು.

ಹಾಲು ಹುಳಿಯಾಗುವುದು ಸೂಕ್ಷ್ಮಜೀವಿಗಳಿಂದ ಎಂಬುದನ್ನು ಫ್ರಾನ್ಸಿನ ಲೂಯಿ ಪಾಸ್ತರನು 1857ರಲ್ಲಿ ಪ್ರತಿಪಾದಿಸಿದನು. ಗಡಿಗೆಯಲ್ಲಿ ನಡೆಯುವುದೂ ಅಂಥದೇ ಕಾರ್ಯ. ಆ ಜೀವಿಗಳು ಹಿಟ್ಟಿನ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆಮ್ಲವು ಆಹಾರವನ್ನು ಕೆಡಿಸುವ ಇತರ ಜೀವಿಗಳನ್ನು ತಡೆಯುತ್ತದೆ. ಧಾನ್ಯದಲ್ಲಿರುವ ಕಬ್ಬಿಣದ ಅಂಶವೂ ದೇಹಕ್ಕೆ ಹೆಚ್ಚು ಸುಲಭವಾಗಿ ದಕ್ಕುತ್ತದೆ. ಪುಸ್ತಕದಲ್ಲಿ ಇದನ್ನೆಲ್ಲ ಓದಿ ಪಾಠ ಹೇಳಿದವನು ನಾನು. ಬೇಸಗೆಯಲ್ಲಿ ಬೇಗ, ಚಳಿಯಲ್ಲಿ ತಡವಾಗಿ ಹುಳಿಯೇರುವ ಹದವನ್ನು ಮೂಗಿನಿಂದ ತಿಳಿದವಳು ಆಕೆ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕಾಲೇಜಿಗೆ ಸೇರಿದ ಹೊಸದರಲ್ಲಿ, ನಮ್ಮ ಮನೆಯಲ್ಲಿ ಅಂಬಲಿ ಕುಡಿಯುತ್ತೇವೆಂದು ಹೇಳಲು ನಾನು ನಾಚಿದ್ದೆನು. ಬಡವರ ಊಟವೆಂಬ ಆ ನಾಚಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಗಡಿಗೆ ಒಲೆಯ ಬಳಿಯಿಂದ ಎದ್ದುಹೋಯಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜೋಳಕ್ಕೂ ಅದರಲ್ಲಿ ಪಾಲು ದೊರೆಯಿತು. ಧಾನ್ಯಕ್ಕೆ ಸಂದ ಮನ್ನಣೆ, ಅದನ್ನು ಹದಕ್ಕೆ ತರುವ ಕೈಗಳಿಗೂ ಸಲ್ಲಬೇಡವೆ?

ಹಳ್ಳಿಯ ಊಟವನ್ನು ನೋಡಬಯಸುವವರು ಒಂದು ರಾತ್ರಿಯ ಬಿಡುವು ಮಾಡಿಕೊಂಡು ಹೋಗಲಿ; ಗಡಿಗೆಯ ಬಳಿ ಕುಳಿತು ಹದವನ್ನು ಕೇಳಿ ಕಲಿಯಲಿ. ನಾನು ಹೊರಟಾಗ ಅಜ್ಜಿಯು ಬಾಟಲಿಯೊಂದರಲ್ಲಿ ಹುಳಿನೀರನ್ನು ತುಂಬಿಕೊಟ್ಟಳು. ಈಗ ನಮ್ಮ ಮನೆಯ ಒಲೆಯ ಪಕ್ಕದಲ್ಲಿಯೂ ಒಂದು ಗಡಿಗೆಯಿದೆ.