ಟೊಂಕ ಹಿಡಿದಾಗ ತಿಳಿದದ್ದು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ತಿಂಗಳ ಗೋಷ್ಠಿಗೆ ‘ಕಾಯ ಮತ್ತು ಕಾಯಕ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ವಚನಗಳನ್ನು ಆಳವಾಗಿ ಓದಿದವನಲ್ಲ. 34 ವರ್ಷ ಸರ್ಕಾರಿ ಎಂಜಿನಿಯರ್ ಆಗಿ ರಸ್ತೆ, ಸೇತುವೆ ಮಾಡಿಸಿಕೊಂಡು ಬಂದವನು. ಆದ್ದರಿಂದ ಪೂಜ್ಯರ ಅಪ್ಪಣೆ ಪಡೆದು ನನ್ನದೇ ಕಾಯದ ಕಥೆ ಹೇಳುತ್ತೇನೆ, ಅಂದರೆ ನನ್ನ ಟೊಂಕದ ಕಥೆ. ಉಳಿದವರೆಲ್ಲ ಕೂತಿರುವಾಗ ನಾನೊಬ್ಬ ಆಗಾಗ ಎದ್ದು ನಿಲ್ಲುತ್ತಿದ್ದದ್ದನ್ನು ನೀವು ನೋಡಿರಬಹುದು. ಅದರ ಕಾರಣವೂ ಇದರಲ್ಲೇ ಸಿಗುತ್ತದೆ.

ಕಾಲೇಜಿನಲ್ಲಿದ್ದಾಗ ನಾನು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆ. ಮಣ್ಣಿನ ಅಂಕಣ, ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆ ಐದೈದು ಜನ. ನೌಕರಿ ಸೇರಿದ ಮೇಲೆ ಆಟ ಬಿಟ್ಟುಹೋಯಿತು. ಜೀಪು, ಕಚೇರಿ, ಕುರ್ಚಿ ಇಷ್ಟರಲ್ಲೇ ವಯಸ್ಸು ಕಳೆಯಿತು. ನಿವೃತ್ತಿಯಾದ ಮೇಲೆ ಗೆಳೆಯರ ಒತ್ತಾಯಕ್ಕೆ ಬೆಳಿಗ್ಗೆ ಶಟಲ್ ಆಡಲು ಶುರು ಮಾಡಿದೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಚಳಿಯ ಮುಂಜಾನೆ, ತಡವಾಗಿ ಹೋದವನು ಮೈ ಬೆಚ್ಚಗಾಗುವ ಮೊದಲೇ ಅಂಕಣಕ್ಕೆ ಇಳಿದೆ. ಎದುರಿನವರು ನೆಟ್ಟಿನ ಹತ್ತಿರ ಒಂದು ಡ್ರಾಪ್ ಹಾಕಿದರು. ಬಲಗಾಲು ಮುಂದಿಟ್ಟು, ನಡ ಬಗ್ಗಿಸಿ, ಮೈ ತಿರುಗಿಸಿ ಕೈ ಚಾಚಿದೆ. ನಡದಲ್ಲಿ ಏನೋ ಹರಿದಂತಾಯಿತು. ಹಾಗೇ ಮೊಣಕಾಲೂರಿ ಕುಸಿದೆ. ಶಟಲ್ ಮಾತ್ರ ಆಚೆ ಹೋಗಿ ಬಿದ್ದಿತ್ತು, ಪಾಯಿಂಟ್ ನಮಗೇ ಬಂದಿತ್ತು ಎಂದು ಗೆಳೆಯರು ಆಮೇಲೆ ಹೇಳಿದರು.

ಇಬ್ಬರು ಹೆಗಲು ಕೊಟ್ಟು ಮನೆಗೆ ತಂದರು. ಕೆಮ್ಮಿದರೆ ನೋವು, ಮಗ್ಗುಲಾದರೆ ನೋವು. ಶೌಚಕ್ಕೆ ಹೋಗಿ ಬರಲು ಅರ್ಧ ಗಂಟೆ. ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಂಡವನಲ್ಲ ಎಂದು ಜಂಬ ಪಡುತ್ತಿದ್ದವನು ನಾನು. ಈಗ ನನ್ನ ಮನೆಯವರು ಕೆಳಗೆ ಕೂತು ನನ್ನ ಕಾಲಿಗೆ ಚಪ್ಪಲಿ ಹಾಕಬೇಕಾಯಿತು. ಅವರಿಗೂ 60 ವರ್ಷ, ಅವರ ಮೊಣಕಾಲೂ ನೋಯುತ್ತವೆ. ಸತ್ಯ ಹೇಳುತ್ತೇನೆ, ನನಗೆ ನೋವಿಗಿಂತ ಹೆಚ್ಚು ಅಳು ಬಂದದ್ದು ಆ ಚಪ್ಪಲಿಯ ವಿಷಯಕ್ಕೆ.

ಇನ್ನು ಸಲಹೆಗಳು. ಒಬ್ಬರು ಶನಿ ಕಾಟ ಎಂದರು. ಶನಿಗೆ ನಾನು ಶಟಲ್ ಆಡುವುದು ಹೇಗೆ ಗೊತ್ತಾಯಿತೋ! ಇನ್ನೊಬ್ಬರು, ಕಾಲು ಮುಂದಾಗಿ ಹುಟ್ಟಿದವರೊಬ್ಬರು ಪಕ್ಕದ ಓಣಿಯಲ್ಲಿದ್ದಾರೆ, ಅವರಿಂದ ಒಂದು ಒದೆ ತಿಂದರೆ ಉಳುಕು ಹೋಗುತ್ತದೆ ಎಂದರು. ನಗಬೇಡಿ, ನೋವು ಹೆಚ್ಚಾದ ರಾತ್ರಿ ಆ ಒದೆಗೂ ನಾನು ಸಿದ್ಧನಾಗಿದ್ದೆ. ತಡೆದದ್ದು ನನ್ನ ಮನೆಯವರೇ.

ಮೂಳೆ ವೈದ್ಯರು ಮಲಗಿಸಿ ಒಂದೊಂದೇ ಕಾಲು ಎತ್ತಿದರು. ಹಿಮ್ಮಡಿಯ ಮೇಲೆ, ಬೆರಳ ಮೇಲೆ ನಡೆಸಿದರು. ಮೂತ್ರ ಸರಿಯಾಗಿ ಹೋಗುತ್ತದೆಯೇ, ತೊಡೆಯ ಸಂದಿನಲ್ಲಿ ಜೋಮು ಇದೆಯೇ ಎಂದು ಕೇಳಿದರು. ಬಳಿಕ, ‘ಈಗ ಸ್ಕ್ಯಾನ್ ಬೇಡ. ನೋವಿನ ಮಾತ್ರೆ ತೊಗೊಳ್ಳಿ, ಆದಷ್ಟು ಓಡಾಡಿ, ಎರಡು ವಾರ ಬಿಟ್ಟು ಬನ್ನಿ’ ಎಂದರು. ನನಗೆ ಸಿಟ್ಟು ಬಂತು. ತಪಾಸಣಾ ವರದಿ ಇಲ್ಲದೆ ಯಾವ ಎಂಜಿನಿಯರು ದುರಸ್ತಿ ಮಾಡುತ್ತಾನೆ? ಹಟ ಹಿಡಿದೆ. ನನ್ನ ಸಮಾಧಾನಕ್ಕೆ ಎಂ.ಆರ್.ಐ. ಬರೆದುಕೊಟ್ಟರು.

ನನ್ನ ದೊಡ್ಡ ತಪ್ಪು ಅಲ್ಲೇ ಆಯಿತು. ವರದಿಯಲ್ಲಿ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವೆ ಡಿಸ್ಕ್ ಉಬ್ಬಿದೆ, ಸವೆದಿದೆ ಎಂದೆಲ್ಲ ಇತ್ತು. ನನ್ನ ಕಣ್ಣಿಗೆ ಅದು ಸೇತುವೆಯಂತೆ ಕಂಡಿತು. ಸೇತುವೆಯ ಕಂಬಕ್ಕೂ ಗರ್ಡರಿಗೂ ನಡುವೆ ರಬ್ಬರಿನ ಬೇರಿಂಗ್ ಇಡುತ್ತೇವೆ. ಭಾರ ಹೊರುವುದೂ ಅದೇ, ಅಲುಗಾಟ ತಾಳುವುದೂ ಅದೇ. ಬೆನ್ನಿನ ಎರಡು ಎಲುಬುಗಳ ನಡುವಿನ ಡಿಸ್ಕ್ ಕೂಡ ಹಾಗೆಯೇ. ಹೊರಗೆ ಪದರು ಪದರಾದ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ಬೇರಿಂಗ್ ಹಾಳಾದರೆ ಎಂಜಿನಿಯರ್ ಏನು ಮಾಡುತ್ತಾನೆ? ಸಂಚಾರ ಬಂದ್ ಮಾಡಿ ಫಲಕ ಹಾಕುತ್ತಾನೆ. ನಾನೂ ಸಂಚಾರ ಬಂದ್ ಮಾಡಿ ಹಾಸಿಗೆ ಹಿಡಿದೆ. ‘ಡಾಕ್ಟರು ಮಲಗು ಅಂದಿಲ್ಲರೀ, ಅಡ್ಡಾಡು ಅಂದಾರ’ ಎಂದು ಮನೆಯವರು ದಿನಾ ಹೇಳುತ್ತಿದ್ದರು. ಕೇಳಲಿಲ್ಲ. 12 ದಿನ ಮಲಗಿದೆ. ನೋವು ಇಳಿಯಲಿಲ್ಲ. ಕಾಲುಗಳು ಸೋತವು, ಊಟ ಸೇರಲಿಲ್ಲ, ಎಲ್ಲರ ಮೇಲೂ ರೇಗುವುದು ಹೆಚ್ಚಾಯಿತು.

ಮತ್ತೆ ಹೋದಾಗ ವೈದ್ಯರು ಶಾಂತವಾಗಿ ವಿವರಿಸಿದರು. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನುಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಪ್ರಬಂಧ ಪ್ರಕಟವಾಗಿದೆ. ಅದರ ಪ್ರಕಾರ ನೋವಿಲ್ಲದ 20 ವರ್ಷದವರಲ್ಲೇ ಶೇ. 37 ಜನರ ಡಿಸ್ಕಿನಲ್ಲಿ ಸವೆತ ಕಾಣುತ್ತದೆ, 80 ವರ್ಷದವರಲ್ಲಿ ಶೇ. 96 ಜನರಿಗೆ. ‘ತಲೆಗೂದಲು ಬೆಳ್ಳಗಾದ ಹಾಗೆ ಇದು. ಇದನ್ನೇ ನೋಡಿಕೊಂಡು ಹೆದರಬೇಡಿ’ ಎಂದರು. ಆಮೇಲೆ ಹೇಳಿದ ಒಂದು ಮಾತು ನನ್ನ ತಲೆಯೊಳಗೆ ಹೋಯಿತು: ‘ನಿಮ್ಮ ಸೇತುವೆ ತಾನಾಗಿ ದುರಸ್ತಿ ಆಗುವುದಿಲ್ಲ. ಬೆನ್ನು ಆಗುತ್ತದೆ. ಹೊರಬಂದ ಡಿಸ್ಕಿನ ತುಣುಕನ್ನೂ ಎಷ್ಟೋ ಸಲ ದೇಹವೇ ಕರಗಿಸಿಬಿಡುತ್ತದೆ. ಆದರೆ ಸಂಚಾರ ನಿಲ್ಲಿಸಿದರೆ ಸ್ನಾಯು ಸೊರಗುತ್ತದೆ.’

ಅಂದಿನಿಂದ ನಡೆಯಲು ತೊಡಗಿದೆ. ಮೊದಲ ದಿನ ಪಡಸಾಲೆಯಲ್ಲಿ 40 ಹೆಜ್ಜೆ. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪವೇ. ಫಿಸಿಯೋಥೆರಪಿ ಮಾಡಿಸುವ ಹುಡುಗಿ ಹೊಟ್ಟೆ, ನಡ, ಪೃಷ್ಠದ ಸ್ನಾಯುಗಳಿಗೆ ನಾಲ್ಕು ವ್ಯಾಯಾಮ ಕಲಿಸಿದಳು. ನಾನು ಹಳೆಯ ಚಟದಂತೆ ಒಂದು ಪುಸ್ತಕ ಇಟ್ಟು ಬರೆದೆ, ನಮ್ಮ ಕೆಲಸದಲ್ಲಿ ಎಂ.ಬಿ., ಮೆಜರ್‌ಮೆಂಟ್ ಬುಕ್ ಎನ್ನುತ್ತೇವಲ್ಲ, ಹಾಗೆ. ಆದರೆ ಅದರಲ್ಲಿ ನೋವು ಎಷ್ಟು, ಎಲ್ಲಿ, ಯಾವ ಹೊತ್ತಿಗೆ ಎಂದೇ ತುಂಬಿತ್ತು. ಆ ಹುಡುಗಿ ನೋಡಿ, ‘ಸರ್, ನಿಮ್ಮ ಎಂ.ಬಿ.ಯಲ್ಲಿ ಕಂಟ್ರಾಕ್ಟರ್ ಪಟ್ಟ ಕಷ್ಟ ಬರೀತಿದ್ರೋ, ಮಾಡಿದ ಕೆಲಸ ಬರೀತಿದ್ರೋ?’ ಎಂದಳು. ಆಕೆಯ ತಂದೆಯೂ ನಮ್ಮಂತೆ ಎಂಜಿನಿಯರಂತೆ! ನೋವಿನ ಕಾಲಮ್ ಹೊಡೆದುಹಾಕಿ, ನಡೆದ ನಿಮಿಷ, ಹತ್ತಿದ ಮೆಟ್ಟಿಲು ಬರೆಯತೊಡಗಿದೆ. ಆರನೆಯ ವಾರಕ್ಕೆ 3 ಕಿಲೋಮೀಟರ್ ಬರೆದೆ. ನಡುವೆ ಎರಡು ಸಲ ನೋವು ಮರಳಿತು. ಅದೂ ಸಹಜವೆಂದು ಮೊದಲೇ ಹೇಳಿದ್ದರಿಂದ ಮತ್ತೆ ಹಾಸಿಗೆ ಹಿಡಿಯಲಿಲ್ಲ.

ಪೂಜೆಯ ವಿಷಯವೂ ಹೇಳಬೇಕು. ದಿನವೂ ಮಣೆಯ ಮೇಲೆ ಪದ್ಮಾಸನ ಹಾಕಿ ಇಷ್ಟಲಿಂಗ ಪೂಜೆ ಮಾಡುತ್ತಿದ್ದವನಿಗೆ ಕೆಳಗೆ ಕೂಡಲಾಗಲಿಲ್ಲ. ಮನಸ್ಸಿಗೆ ಕಸಿವಿಸಿ. ಫೋನಿನಲ್ಲಿ ಪೂಜ್ಯರನ್ನು ಕೇಳಿದೆ. ‘ಲಿಂಗ ಇರೋದು ನಿಮ್ಮ ಅಂಗೈಯಲ್ಲಿ. ಕುರ್ಚಿ ಆದರೇನು, ಮಣೆ ಆದರೇನು? ಕುರ್ಚಿ ಮೇಲೆ ಕೂತು ಮಾಡಿ’ ಎಂದರು. ಇಷ್ಟು ಸರಳ ಮಾತಿಗೆ ನಾನು ಹತ್ತು ದಿನ ಪೂಜೆ ತಪ್ಪಿಸಿಕೊಂಡಿದ್ದೆ. ಇಲ್ಲಿ ಹಿಂದೆ ಗೋಡೆಗೆ ಒರಗಿ ಕಷ್ಟಪಟ್ಟು ಕೂತಿರುವ ಹಿರಿಯರಿಗೆ ಹೇಳುತ್ತೇನೆ: ಕುರ್ಚಿ ಕೇಳಿ ತೆಗೆದುಕೊಳ್ಳಿ, ನಾಚಿಕೆ ಬೇಡ.

ಶರಣ ಬಂಧುಗಳೆ, ಇಲ್ಲಿಯವರೆಗೆ ಹೇಳಿದ್ದು ಟೊಂಕದ ಕಥೆ. ಈಗ ಹೇಳುವುದು, ನಿಜ ಹೇಳಬೇಕೆಂದರೆ, ನಾನು ಇಲ್ಲಿ ನಿಂತಿರುವ ಕಾರಣ.

ಹಾಸಿಗೆಯಲ್ಲಿದ್ದ ಆ 12 ದಿನಗಳಲ್ಲಿ ಮನೆಯವರು ಒಂದು ಸಲ ನನ್ನ ನಡಕ್ಕೆ ಟವೆಲ್ ಬಿಗಿದು ಕಟ್ಟಿದರು. ಆಗ ಒಬ್ಬ ಮನುಷ್ಯ ನೆನಪಾದ. ನಾನು ಕಿರಿಯ ಎಂಜಿನಿಯರ್ ಆಗಿದ್ದಾಗ ರಸ್ತೆಯ ಗ್ಯಾಂಗಿನಲ್ಲಿ ದಿನಗೂಲಿಯಾಗಿದ್ದವನು. ಜಲ್ಲಿಯ ಬುಟ್ಟಿ ಹೊರುವ ಕೆಲಸ. ಒಂದು ದಿನ ಬಂದು, ‘ಸಾಹೇಬ್ರ, ನಡಾ ಹಿಡದೈತ್ರಿ. ಇವತ್ತೊಂದಿನ ಹಗೂರ ಕೆಲಸ ಹಚ್ಚ್ರಿ’ ಎಂದ. ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ. ನಾನು, ‘ನಾಟಕ ಮಾಡಬ್ಯಾಡ. ಆದ್ರ ಮಾಡು, ಇಲ್ಲಂದ್ರ ಮನಿಗೆ ಹೋಗು’ ಎಂದೆ. ಅವನು ಹೋದ. ಮಸ್ಟರ್ ರೋಲಿನಲ್ಲಿ ಗೈರುಹಾಜರಿ ಬರೆದೆ. ನಾಲ್ಕು ದಿನದ ಕೂಲಿ ಹೋಯಿತು. ಐದನೆಯ ದಿನ ನಡಕ್ಕೆ ಟವೆಲ್ ಬಿಗಿದುಕೊಂಡು ಬಂದು ಬುಟ್ಟಿ ಹೊತ್ತ.

ಎಂಜಿನಿಯರಾಗಿ ನನಗೆ ಲೆಕ್ಕ ಬರುತ್ತಿತ್ತು. 10 ಕಿಲೋ ಭಾರವನ್ನು ಬೆನ್ನೆಲುಬಿನಿಂದ 40 ಸೆಂಟಿಮೀಟರ್ ಮುಂದೆ ಹಿಡಿದರೆ, ಕೇವಲ 5 ಸೆಂಟಿಮೀಟರ್ ಹಿಂದಿರುವ ಬೆನ್ನಿನ ಸ್ನಾಯು 80 ಕಿಲೋದಷ್ಟು ಎಳೆಯಬೇಕು. ಬಗ್ಗಿದ ಮೈಯ ಭಾರ ಬೇರೆ. ಅದೇ ಬುಟ್ಟಿಯನ್ನು ಮೈಗೆ ಹತ್ತಿರ, 20 ಸೆಂಟಿಮೀಟರಿಗೆ ತಂದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ತೊಲೆಗಳಿಗೆಲ್ಲ ಈ ಲೆಕ್ಕ ಹಾಕಿದೆ. ದಿನಕ್ಕೆ ನೂರಾರು ಸಲ ಬಗ್ಗಿ ಏಳುವ ಮನುಷ್ಯನಿಗೆ ಒಂದು ದಿನವೂ ಹಾಕಲಿಲ್ಲ. ನನ್ನ ನಡ ಹಿಡಿದದ್ದು ಆಟದಲ್ಲಿ. ಮಲಗಲು ಹಾಸಿಗೆ ಇತ್ತು, ತಿಂಗಳಿಗೆ ಪಿಂಚಣಿ ಬರುತ್ತಿತ್ತು. ಅವನ ನಡ ಹಿಡಿದದ್ದು ಕಾಯಕದಲ್ಲಿ. ಕಾಯಕದ ಬಗ್ಗೆ ಇದೇ ಮಠದಲ್ಲಿ ನಾನು ಎಷ್ಟು ಭಾಷಣಗಳಿಗೆ ಚಪ್ಪಾಳೆ ತಟ್ಟಿಲ್ಲ!

ನಾಲ್ಕು ತಿಂಗಳ ಮೇಲೆ, ಕಾರಿನಲ್ಲಿ ಕೂತು ಹೋಗುವಷ್ಟಾದಾಗ, ವಿಚಾರಿಸಿಕೊಂಡು ಅವನ ಊರಿಗೆ ಹೋದೆ. ಈಗ ಅವರು ಎಪ್ಪತ್ತು ದಾಟಿದ ಹಿರಿಯರು. ಕಟ್ಟೆಯ ಮೇಲೆ ಕೂತಿದ್ದರು. ಗುರುತು ಹಿಡಿದು ಎದ್ದರು. ನಾನು ಕಟ್ಟೆಯ ಮೇಲೆ ಕೈಯೂರಿ ನಿಧಾನಕ್ಕೆ ಕೂಡುವುದನ್ನು ನೋಡಿದವರೇ, ‘ಸಾಹೇಬ್ರ, ನಡಾ ಹಿಡದೈತೇನ್ರಿ?’ ಎಂದರು. ಒಳಗೆ ಹೋಗಿ ದಿಂಬು ತಂದು ನನ್ನ ಬೆನ್ನಿಗೆ ಇಟ್ಟರು. ವರದಿ ಕೇಳಲಿಲ್ಲ, ನಾಟಕವೆನ್ನಲಿಲ್ಲ.

ನಾನು ಆ ದಿನದ ವಿಷಯ ಎತ್ತಿ ತಪ್ಪಾಯಿತು ಎಂದೆ. ಅವರಿಗೆ ಅದು ನೆನಪೇ ಇರಲಿಲ್ಲ. ‘ಹಂಗ ಭಾಳ ದಿನ ಆಗ್ಯಾವ್ರಿ. ಯಾವ್ದಂತ ನೆನಪ ಇಡೂದು?’ ಎಂದು ನಕ್ಕು ಚಹಾ ತರಿಸಿದರು. ನೆನಪಿಲ್ಲ ಎಂದದ್ದರಿಂದ ನನಗೆ ಹಗುರವಾಗಲಿಲ್ಲ. ಅಂಥ ದಿನಗಳು ಅವರ ಬದುಕಿನಲ್ಲಿ ಎಣಿಸಲಾರದಷ್ಟು ಇದ್ದವು ಎಂದೇ ಅದರ ಅರ್ಥ.

ಕೊನೆಗೆ ಕೆಲವು ಉಪಯೋಗದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ನಡುನೋವು ಇತ್ತು. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಒಬ್ಬರಿಗಾದರೂ ಇರುತ್ತದೆ. ದಿಢೀರನೆ ನಡ ಹಿಡಿದರೆ ಬಹುಪಾಲು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ. ಆದರೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಯ ಸಂದು ಮರಗಟ್ಟಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮರುದಿನದವರೆಗೆ ಕಾಯಬಾರದು. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ವಯಸ್ಸಾದವರು ಬಿದ್ದದ್ದು ಇವೂ ತಡಮಾಡುವ ವಿಷಯಗಳಲ್ಲ.

ನಮ್ಮ ದಾಸೋಹದ ಅಡುಗೆಮನೆಯನ್ನು ನಾನು ಮೊನ್ನೆ ನೋಡಿ ಬಂದೆ. ತಾಯಂದಿರು, ಹುಡುಗರು ಅನ್ನ ಸಾರಿನ ದೊಡ್ಡ ಪಾತ್ರೆಗಳನ್ನು ನೆಲದಿಂದ ಬಗ್ಗಿ ಎತ್ತುತ್ತಾರೆ. ಪಾತ್ರೆ ಇಡಲು ಸೊಂಟದೆತ್ತರದ ಕಬ್ಬಿಣದ ಸ್ಟ್ಯಾಂಡುಗಳನ್ನೂ ಸಾಗಿಸಲು ಎರಡು ತಳ್ಳುಗಾಡಿಗಳನ್ನೂ ಮಾಡಿಸಿಕೊಡಲು ಪೂಜ್ಯರು ನನಗೆ ಅನುಮತಿ ಕೊಟ್ಟಿದ್ದಾರೆ. ನಕ್ಷೆ ಸಿದ್ಧವಾಗಿದೆ, ಖರ್ಚು ನನ್ನದು. ಅಳತೆಗೆ ಮಾತ್ರ ಅಲ್ಲಿ ಕೆಲಸ ಮಾಡುವ ತಾಯಂದಿರು ಬಂದು ನಿಲ್ಲಬೇಕು, ಎತ್ತರ ಅವರೇ ಹೇಳಬೇಕು.

ನಾನು ಈಗ ವಾರಕ್ಕೆ ಎರಡು ದಿನ ಮತ್ತೆ ಶಟಲ್ ಆಡುತ್ತೇನೆ. ಮೊದಲು ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ನೆಟ್ಟಿನ ಹತ್ತಿರ ಡ್ರಾಪ್ ಬಿದ್ದರೆ, ‘ಇದು ನಿಮಗೇ ಇರಲಿ’ ಎಂದು ಬಿಟ್ಟುಬಿಡುತ್ತೇನೆ.

ನಿಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ಕೆಲಸ ಮಾಡುವವರು ನಾಳೆ ಬಂದು ನಡ ಹಿಡಿದಿದೆ ಎಂದರೆ, ದಯವಿಟ್ಟು ನಂಬಿ. ಆ ದಿನದ ಕೂಲಿ ಕೊಟ್ಟು ಹಗುರ ಕೆಲಸ ಹಚ್ಚಿ. ನಾನು ಮಾಡದೆ ಬಿಟ್ಟದ್ದು ಅದು. ನೀವಾದರೂ ಮಾಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.