ಹೊರನಾಡಿನ ನೆರವು, ವಿದ್ಯಾರ್ಥಿಗಳು ಮತ್ತು ನಮ್ಮ ಸಣ್ಣ ರೈತರು

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸ್ನಾತಕೋತ್ತರ ವಿದ್ಯಾರ್ಥಿಗಳನ್ನು, ಸಣ್ಣ ರೈತರಿಗೆ ನೆರವಾಗುವ ಹೊರದೇಶದ ಸಂಸ್ಥೆಗಳೊಡನೆ ಜೋಡಿಸುವುದು ಇಂದು ನಮಗೆ ಒಪ್ಪಿಸಲಾಗಿರುವ ವಿಷಯ. ಸಂಸ್ಥೆಗೆ ಹಳ್ಳಿಯ ನಿಜಸ್ಥಿತಿಯ ವರದಿ ಬೇಕು. ವಿದ್ಯಾರ್ಥಿಗೆ ಪ್ರಬಂಧಕ್ಕೊಂದು ವಿಷಯ ಬೇಕು. ಇವರಿಬ್ಬರ ಅಗತ್ಯಗಳೂ ಸುಲಭವಾಗಿ ಕೂಡಿಬರುತ್ತವೆ. ಮೂರನೆಯವನಾದ ರೈತನಿಗೆ ದೊರೆಯುವುದೇನು ಎಂಬ ಪ್ರಶ್ನೆಯನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬೆದ್ದಲು ನೆಲದ ಮೇಲೆ ನಿಂತು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಹೊರನಾಡಿನ ನೆರವು ಧರ್ಮಸಭೆಗೆ ಹೊಸದಲ್ಲ. ಜರ್ಮನಿಯ ಧರ್ಮಾಧ್ಯಕ್ಷರು 1958ರಲ್ಲಿ 'ಮಿಸೆರಿಯೊರ್' ಸಂಸ್ಥೆಯನ್ನು ಆರಂಭಿಸಿ, ತಪಸ್ಸುಕಾಲದ ಕಾಣಿಕೆಯನ್ನು ಬಡರಾಷ್ಟ್ರಗಳಿಗೆ ಮೀಸಲಿಟ್ಟರು. 1962ರಲ್ಲಿ ನಮ್ಮ 'ಕಾರಿತಾಸ್ ಇಂಡಿಯಾ' ಸ್ಥಾಪನೆಯಾಯಿತು. 1967ರಲ್ಲಿ ಜಗದ್ಗುರು ಆರನೆಯ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ, ಹೊರಗಿನಿಂದ ಬರುವ ತಜ್ಞರು ಒಡೆಯರಂತಲ್ಲದೆ ಸಹಾಯಕರಂತೆ ನಡೆದುಕೊಳ್ಳಬೇಕೆಂದೂ, ಬಂದವರಲ್ಲಿ ಪ್ರೀತಿಯಿದೆಯೋ ಇಲ್ಲವೋ ಎಂಬುದನ್ನು ಜನರು ಬೇಗನೆ ಅರಿತುಬಿಡುತ್ತಾರೆಂದೂ ತಿಳಿಸಿದ್ದಾರೆ.

ಪ್ರೀತಿ ಇದ್ದರೂ ಪಂಚಾಂಗ ಒಪ್ಪಬೇಕಲ್ಲ! ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಿಗೆ ರಜೆ ದೊರೆಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆ ಅವಧಿಯಲ್ಲಿ ಬಂದವರು ಪಾವಗಡದ ಕಡಲೆಕಾಯಿಯ ಬಿತ್ತನೆಯನ್ನು ಕಂಡು, ಹಸಿರು ಹೊಲದ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಉತ್ತರೆ, ಹಸ್ತ ಮಳೆಗಳು ಬಾರದೆ ಕಾಯಿ ಜೊಳ್ಳಾಗುವುದು, ನವೆಂಬರ್-ಡಿಸೆಂಬರ್‌ನಲ್ಲಿ ರಾಗಿ ಕೊಯ್ದು ಕಣ ಮಾಡಿದ ಮೇಲೆ ಮನೆಗೆ ಉಳಿದುದೆಷ್ಟು, ಸಾಲಕ್ಕೆ ಹೋದುದೆಷ್ಟು ಎಂಬ ಲೆಕ್ಕ, ಇವು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಅಳತೆಯ ವಿಷಯದಲ್ಲಿಯೂ ಹೀಗೆಯೇ. ನಮ್ಮ ರೈತರು ರಾಗಿಯ ಹೊಲದಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುತ್ತಾರೆ. ಎಕರೆಗೆ ರಾಗಿ ಎಷ್ಟು ಎಂದು ಮಾತ್ರ ಬರೆದುಕೊಂಡ ವಿದ್ಯಾರ್ಥಿಯ ಲೆಕ್ಕದಲ್ಲಿ ಆ ಹೊಲ ಬಡ ಹೊಲವಾಗಿಯೇ ಉಳಿಯುತ್ತದೆ. ಮನೆಯ ಬೇಳೆ, ಎಣ್ಣೆ, ದನಗಳ ಮೇವು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಕ್ಕಡಿಯ ಬೀಜವನ್ನು ಕಾಪಾಡಿಡುವ ಗೃಹಿಣಿಯನ್ನು ಪ್ರಶ್ನಿಸುವವರೂ ವಿರಳ.

ನೀರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ತಲಪರಿಗೆಗಳಿವೆ. ತಗ್ಗುನೆಲದಲ್ಲಿ, ಕೆರೆಯಂಗಳದಲ್ಲಿ, ಹಳ್ಳದ ಪಾತ್ರದಲ್ಲಿ ತಾನಾಗಿ ಜಿನುಗುವ ಒರತೆಗೆ ಕಲ್ಲು ಕಟ್ಟಿ, ಕಾಲುವೆ ತೆಗೆದು, ಸರದಿಯಂತೆ ಹೊಲಗಳಿಗೆ ಹಾಯಿಸುವುದು ಪೂರ್ವಿಕರ ಪದ್ಧತಿ. ನೀರು ಬಿಡಲು ನೀರಗಂಟಿ. ಹೂಳೆತ್ತಲು ಊರಿನ ಜನರೆಲ್ಲರ ಕೈ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ, ಹಳ್ಳಗಳ ಮರಳು ಲಾರಿಗಳಲ್ಲಿ ಹೊರಟುಹೋದಂತೆಲ್ಲ ಅನೇಕ ತಲಪರಿಗೆಗಳು ಬತ್ತಿದವು. ಕೊಳವೆಬಾವಿಯನ್ನು ಉದ್ಘಾಟಿಸಬಹುದು, ಅದರ ಮೇಲೆ ದಾನಿಯ ಹೆಸರನ್ನೂ ಬರೆಸಬಹುದು; ಹೂಳೆತ್ತಿದ ಒರತೆಯ ಮೇಲೆ ಹೆಸರು ಬರೆಯಲು ಸ್ಥಳವಿಲ್ಲ! ಒಬ್ಬ ವಿದ್ಯಾರ್ಥಿ ವರ್ಷವಿಡೀ ನೀರಗಂಟಿಯೊಡನೆ ತಿರುಗಿ, ಒಂದು ತಲಪರಿಗೆಯ ನೀರಿನ ಮಟ್ಟವನ್ನೂ ಸುತ್ತಲಿನ ಕೊಳವೆಬಾವಿಗಳ ಆಳವನ್ನೂ ತಿಂಗಳು ತಿಂಗಳೂ ಗುರುತು ಹಾಕಿಕೊಂಡರೆ, ಹಣವನ್ನು ಎಲ್ಲಿ ಹಾಕಬೇಕೆಂಬುದು ದಾನಿಸಂಸ್ಥೆಗೂ ತಿಳಿಯುತ್ತದೆ, ಗ್ರಾಮಸ್ಥರ ಕೈಗೂ ಒಂದು ದಾಖಲೆ ಸಿಗುತ್ತದೆ.

ಇದು ಅಸಾಧ್ಯವಾದ ಕೆಲಸವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿ, ಸುತ್ತಲಿನ ಆರು ಹಳ್ಳಿಗಳಲ್ಲಿ ಸೌದೆ, ನೀರು, ದುಡಿಮೆಗಳ ಲೆಕ್ಕವನ್ನು ಮನೆಮನೆಯಿಂದ ಕಲೆಹಾಕಿದರು. ಊರಿನ ಸೌದೆಯಲ್ಲಿ ಬಹುಪಾಲು ಅಡುಗೆಗೇ ಖರ್ಚಾಗುವುದು ಗೊತ್ತಾಯಿತು. ನಮ್ಮಲ್ಲಿ ಹಿರಿಯರಾದ ತಾಯಂದಿರು ಬಲ್ಲ 'ಅಸ್ತ್ರ ಒಲೆ' ಆ ಕೇಂದ್ರದ ಕೊಡುಗೆ.

ಪಾವಗಡದಲ್ಲಿ ಈಗ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಘಟಕಗಳಿವೆ. ಜಮೀನುಳ್ಳವರಿಗೆ ವರ್ಷಕ್ಕೊಮ್ಮೆ ಗುತ್ತಿಗೆಯ ಹಣ ಬರುತ್ತದೆ. ಅದೇ ನೆಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರು, ಕುರಿ ಮೇಯಿಸುತ್ತಿದ್ದವರು ಆ ಗುತ್ತಿಗೆಯ ಪತ್ರದಲ್ಲಿಲ್ಲ. ಇವರನ್ನು ಹುಡುಕಿಕೊಂಡು ಹೋಗುವ ವಿದ್ಯಾರ್ಥಿ ನಮಗೆ ಬೇಕು.

ಹಣದ ಮಾತು ಬೇರೆ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಣಕ್ಕಿಂತ ನಾವು ಕೊಡಬಹುದಾದುದು ಬೇರೆಯೇ ಇದೆ. ಹಿಂದೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರುಗಳು ಕನ್ನಡ ಕಲಿತು ನಮ್ಮ ನಡುವೆ ಬಾಳಿದರು. ಇಂದಿನ ವಿದ್ಯಾರ್ಥಿಗೆ ಅಷ್ಟು ಕಾಲಾವಕಾಶವಿಲ್ಲದಿದ್ದರೂ ಬಿತ್ತನೆಯಿಂದ ಕಣದವರೆಗಾದರೂ ಇರುವಂತೆ ಕರಾರು ಮಾಡಿಕೊಳ್ಳೋಣ. ಅವನಿಗೋ ಅವಳಿಗೋ ನಮ್ಮ ಮನೆಗಳಲ್ಲಿ ಊಟ-ವಸತಿ ಒದಗಿಸೋಣ. ಕಾಲೇಜು ಓದುವ ನಮ್ಮ ಯುವಕ ಯುವತಿಯರಲ್ಲಿ ಒಬ್ಬರು ಜೊತೆಗೂಡಿ ಹೋಗಲಿ. ವರದಿ ಹೊರದೇಶಕ್ಕೆ ಹೊರಡುವ ಮೊದಲು, ಹೊಲದ ಒಡೆಯರ ಮುಂದೆ, ಕೂಲಿಯವರ ಮುಂದೆ, ಊರಿನ ಅರಳಿಕಟ್ಟೆಯ ಬಳಿ ಅದನ್ನು ಕನ್ನಡದಲ್ಲಿ ಓದಿ ಹೇಳಲಿ. ಅವರು ತಪ್ಪೆಂದ ಮಾತನ್ನು ತಿದ್ದಿಕೊಳ್ಳಲಿ. ಇದಕ್ಕೊಪ್ಪುವ ಕುಟುಂಬಗಳು ಮುಂದಿನ ಮೃಗಶಿರ ಮಳೆಗೆ ಮೊದಲೇ ಧರ್ಮಕೇಂದ್ರದ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇವೆ.